ಪಂಕ್ತಿಬಾಹಿರ ಕಥೆಗಳೂ ನಮ್ಮ ವಿಮರ್ಶೆಯೂ

ಕನ್ನಡದಲ್ಲಿ ಪುಸ್ತಕವಿಮರ್ಶೆಯೆಂಬದು ಈಗ ಮಡಿಯ ಊಟದಂತಾಗಿದೆ. ಕವನಸಂಗ್ರಹಕ್ಕೆ ಎಲೆ ಹಾಕುವರು. ಸಾಮಾಜಿಕ ಕಾದಂಬರಿಗೆ ಮಣೆ ಕೊಡುವರು. ಸಂಶೋಧನಗ್ರಂಥವು ಬಂದರೆ ಎದ್ದು ನಿಂತು ಕರೆಯುವರು. ಪತ್ತೇದಾರಿ ಕಾದಂಬರಿ, ದೆವ್ವದ ಕಥೆ, ವೈಜ್ಞಾನಿಕ ಕಲ್ಪನೆಯ ಕಥೆ, ಮಕ್ಕಳ ಚಿತ್ರಕಥೆ, ಇವು ಬಾಗಿಲಿಗೆ ಬಂದರೆ ಮಾತ್ರ ಸದ್ದಿಲ್ಲದೆ ಕದವಿಕ್ಕಿಕೊಳ್ಳುವರು. ಬೈದು ಕಳಿಸಿದರೂ ಒಂದು ಮರ್ಯಾದೆ ಇರುತ್ತಿತ್ತು, ಬೈಯಬೇಕಾದರೆ ಓದಬೇಕಾಗುತ್ತದೆ. ನಮ್ಮ ವಿದ್ವಾಂಸರು ಆ ಶ್ರಮವನ್ನೂ ಪಟ್ಟವರಲ್ಲ. ಹೀಗಾಗಿ ನಾಡಿನಲ್ಲಿ ಅತ್ಯಂತ ಹೆಚ್ಚು ಓದಲ್ಪಡುವ, ನೋಡಲ್ಪಡುವ ಕಥೆಗಳೇ ಅತ್ಯಂತ ಕಡಮೆ ಪರೀಕ್ಷಿಸಲ್ಪಟ್ಟ ಕಥೆಗಳಾಗಿ ಉಳಿದಿವೆ. ಇದು ವಿಮರ್ಶೆಯ ಧರ್ಮಕ್ಕೆ ಹೊರತಾದ ನಡತೆಯೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಈ ಮಾತು ಬೆಂಗಳೂರು ಮೈಸೂರುಗಳ ವಿದ್ವತ್ಸಭೆಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ನಮ್ಮ ವಾಚಕರು ತಿಳಿಯಬಾರದು. ನಮ್ಮ ಸೀಮೆಯು ೧೯೪೮ರ ವರೆಗೆ ನಿಜಾಮಶಾಹಿಗೆ ಒಳಪಟ್ಟಿತ್ತು. ಕೊಪ್ಪಳ ಯಲಬುರ್ಗಾಗಳು ಸಾಲಾರಜಂಗರ ಜಹಗೀರಿಯಲ್ಲಿದ್ದವು. ಸರಕಾರದ ಭಾಷೆಯೂ ಶಾಲೆಯ ಭಾಷೆಯೂ ಉರ್ದುವಾಗಿದ್ದ ಆ ದಿನಗಳಲ್ಲಿ ಇಲ್ಲಿಯ ಜನರು ಕನ್ನಡವನ್ನು ಉಳಿಸಿಕೊಂಡುದು ಮಠದ ಪುರಾಣದಲ್ಲಿ, ಬಯಲಾಟದ ಅಟ್ಟದ ಮೇಲೆ, ಮನೆಯ ಹಿರಿಯರ ಕಥೆಗಳಲ್ಲಿ. ಭಾಷೆಯು ವ್ಯಾಕರಣದಿಂದ ಶುದ್ಧವಾಗುವದು ನಿಜ. ಆದರೆ ಕಥೆಯ ಆಸೆಯಿಂದಲೇ ಅದು ಬದುಕುವದು. 'ಮುಂದೇನಾಯಿತು?' ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವ ಮಗುವಿರುವ ತನಕ ಕನ್ನಡಕ್ಕೆ ಭಯವಿಲ್ಲ. ಅದೇ ಮಗುವು ಆ ಪ್ರಶ್ನೆಯನ್ನು ಬೇರೆ ಭಾಷೆಯಲ್ಲಿ ಕೇಳತೊಡಗಿದ ದಿನ ನಮ್ಮ ಪರಿಷತ್ತುಗಳೂ ಸಮ್ಮೇಲನಗಳೂ ಏನು ಮಾಡಬಲ್ಲವು?

ಈಗ ಪೂರ್ವಪಕ್ಷವನ್ನು ನೋಡೋಣ. 'ಇವೆಲ್ಲ ಕಾಲಹರಣದ ಕಥೆಗಳು, ಇವುಗಳಲ್ಲಿ ಸಾಹಿತ್ಯವೆಲ್ಲಿದೆ?' ಎಂದು ಪಂಡಿತರು ಕೇಳುವರು. ಪಂಡಿತರಿಗೆ ಅವರ ಶಾಸ್ತ್ರವನ್ನೇ ನೆನಪಿಸಬೇಕಾಗಿದೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಒಂದು, ಬೀಭತ್ಸವೂ ಒಂದು, ಅದ್ಭುತವೂ ಒಂದು. ಶೃಂಗಾರ ಕರುಣಗಳಿಗೆ ಸಲ್ಲುವ ಗೌರವವು ಇವಕ್ಕೆ ಸಲ್ಲದೆಂದು ಆತನು ಎಲ್ಲಿಯೂ ಹೇಳಲಿಲ್ಲ. ದೆವ್ವದ ಕಥೆಯು ಭಯಾನಕಕ್ಕೆ ಸೇರಿದ್ದು, ವೈಜ್ಞಾನಿಕ ಕಥೆಯು ಅದ್ಭುತಕ್ಕೆ ಸೇರಿದ್ದು. ಇವನ್ನು ಸಾಹಿತ್ಯದಿಂದ ಹೊರಗಿಡಬೇಕೆಂಬವರು ಮೊದಲು ಭರತನನ್ನು ಹೊರಗಿಡಬೇಕು. ಇನ್ನು ನಮ್ಮ ಪೂರ್ವಕವಿಗಳ ಮಾತು. ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ ನರಿ ಕಾಗೆಗಳ ಕಥೆಗಳನ್ನು ಚಂಪುವಿನಲ್ಲಿ ಬರೆದು ಕೆಡಲಿಲ್ಲ. ಚೌಂಡರಸನು ಸಾಹಸ, ಕಪಟ, ಕಳವುಗಳಿಂದ ತುಂಬಿದ ದಶಕುಮಾರರ ಕಥೆಯನ್ನು ಕನ್ನಡಿಸಿದನೆಂದು ಅವನ ಕವಿತ್ವವು ಕುಂದಲಿಲ್ಲ. ಬೇತಾಳನ ಕಥೆಗಳನ್ನು ನಮ್ಮ ಹಿರಿಯರು ಓಲೆಗರಿಯಲ್ಲಿ ಬರೆದಿಟ್ಟರು. ಹೆಣವನ್ನು ಹೆಗಲ ಮೇಲೆ ಹೊತ್ತ ರಾಜನಿಗೆ ಒಗಟನ್ನು ಹಾಕುವ ಆ ಬೇತಾಳನಿಗಿಂತ ದೊಡ್ಡ ಪತ್ತೇದಾರಿ ಪರೀಕ್ಷಕನು ಯಾರು?

ಎಲ್ಲಕ್ಕಿಂತ ಮಿಗಿಲಾಗಿ ಕವಿರಾಜಮಾರ್ಗದ ನಿದರ್ಶನವಿದೆ. ಒಂಬತ್ತನೆಯ ಶತಮಾನದ ಆ ಗ್ರಂಥವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ನಮ್ಮ ಕೊಪಣವೂ ಒಂದೆಂಬದನ್ನು ಹೇಳಿಕೊಂಡು ನಾವು ಹೆಮ್ಮೆಪಡುತ್ತೇವೆ. ಆದರೆ ಆ ಗ್ರಂಥದ ಮನೋಭಾವವನ್ನು ನಾವು ಎಷ್ಟು ಅರಿತಿದ್ದೇವೆ? ಸಂಸ್ಕೃತದ ಅಲಂಕಾರಶಾಸ್ತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಅದರ ಕರ್ತೃವು ಬೆದಂಡೆ, ಚತ್ತಾಣಗಳೆಂಬ ದೇಶಿಯ ಪ್ರಬಂಧಪ್ರಕಾರಗಳನ್ನು ಹೆಸರಿಸಿ ಅವುಗಳ ಲಕ್ಷಣವನ್ನು ಹೇಳಿದನು. ಅವು ಸಂಸ್ಕೃತದಲ್ಲಿ ಇಲ್ಲವೆಂದು ಮೂಗು ಮುರಿಯಲಿಲ್ಲ. ತನ್ನ ಕಾಲದ ಜನರಲ್ಲಿ ಬಳಕೆಯಲ್ಲಿದ್ದುದನ್ನು ಕಣ್ಣು ತೆರೆದು ನೋಡಿ, ಇದಕ್ಕೆ ಇದು ಲಕ್ಷಣವೆಂದು ನಿರ್ಣಯಿಸಿದನು. ಕನ್ನಡದ ಮೊದಲನೆಯ ವಿಮರ್ಶಕನ ನಡತೆ ಇಂಥದು. ಕೊಪಣದ ಹೆಸರನ್ನು ಎತ್ತುವವರು ಈ ಕಣ್ಣನ್ನೂ ಪಡೆಯಬೇಕು.

ಆಧುನಿಕ ಕಾಲಕ್ಕೆ ಬಂದರೆ ನಮ್ಮ ಕೃತಘ್ನತೆಯು ಇನ್ನೂ ಸ್ಪಷ್ಟವಾಗುವದು. ಉತ್ತರ ಕರ್ನಾಟಕದಲ್ಲಿ ಕಾದಂಬರಿಯ ವಾಚಕರನ್ನು ಹುಟ್ಟಿಸಿದವರು ಗಳಗನಾಥರು (೧೮೬೯-೧೯೪೨). ಕುತೂಹಲ, ಸಂಚು, ವೇಷಾಂತರ, ಶೌರ್ಯ, ಇವುಗಳಿಂದಲೇ ಅವರ ಐತಿಹಾಸಿಕ ಕಾದಂಬರಿಗಳು ನಡೆಯುವವು. ವಿಜಯನಗರದ ಸ್ಥಾಪನೆಯನ್ನು ಕುರಿತ ಅವರ 'ಮಾಧವಕರುಣಾವಿಲಾಸ'ದ ಭೂಮಿಯು ನಮ್ಮ ಆನೆಗೊಂದಿಯ ನೆರೆಯದೇ. ಕರ್ನಾಟಕದ ಅರಿಸಿನ ಕುಂಕುಮದ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಗಳು (೧೯೧೮-೧೯೬೭) ಪತ್ತೇದಾರಿ ಕಾದಂಬರಿಕಾರರು. ಪ್ರತಿ ನವೆಂಬರದಲ್ಲಿ ಆ ಬಾವುಟವನ್ನು ಏರಿಸುವ ಕೈಗಳು ಅವರ ಪುಸ್ತಕವನ್ನು ಮುಟ್ಟಲು ಸಂಕೋಚಪಡುವದು ವಿಚಿತ್ರವಲ್ಲವೇ? ನಾಲ್ಕನೆಯ ಇಯತ್ತೆಯ ವರೆಗೆ ಮಾತ್ರ ಓದಿದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮ, ಮಧುಸೂದನ ಮೊದಲಾದವರ ಸಾಹಸಗಳನ್ನು ಹೇಳುತ್ತ ಐನೂರರಷ್ಟು ಕಾದಂಬರಿಗಳನ್ನು ಬರೆದು ೨೦೧೧ರಲ್ಲಿ ತೀರಿಕೊಂಡರು. ಆ ಐನೂರರಲ್ಲಿ ಯಾವದು ಗಟ್ಟಿ, ಯಾವದು ಜೊಳ್ಳು, ಅವರ ಕಥನದ ವೇಗವು ಎಲ್ಲಿಂದ ಬಂತು, ಅಷ್ಟು ಸರಳವಾದ ಕನ್ನಡವನ್ನು ಅವರು ಹೇಗೆ ಸಾಧಿಸಿದರು, ಎಂಬ ಪ್ರಶ್ನೆಗಳನ್ನು ಕೇಳುವದು ವಿಮರ್ಶಕರ ಕೆಲಸವಾಗಿತ್ತು. ನಾಡಿನ ಓದನ್ನು ಇಷ್ಟೊಂದು ಬೆಳೆಸಿದ ಒಬ್ಬ ಮನುಷ್ಯನಿಗೆ ಸಾಹಿತ್ಯಚರಿತ್ರೆಯಲ್ಲಿ ಒಂದೆರಡು ವಾಕ್ಯಗಳನ್ನು ಕೊಟ್ಟು ಕೈತೊಳೆದುಕೊಳ್ಳುವದು ನ್ಯಾಯವಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಅನ್ಯಾಯವಿದೆ. ಈ ಪ್ರಕಾರಗಳಲ್ಲಿ ಒಳ್ಳೆಯ ಕೃತಿಯೊಂದು ಹುಟ್ಟಿದೊಡನೆ ವಿಮರ್ಶಕರು ಅದನ್ನು ತನ್ನ ಕುಲದಿಂದ ಬಿಡಿಸಿ ದತ್ತಕ ತೆಗೆದುಕೊಳ್ಳುವರು. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'ದಲ್ಲಿ ಒಂದು ತನಿಖೆಯಿದೆ. 'ಜುಗಾರಿ ಕ್ರಾಸ್'ನಲ್ಲಿ ಕಳ್ಳಸಾಗಣೆಯಿದೆ, ಬೆನ್ನಟ್ಟುವಿಕೆಯಿದೆ, ಹಳೆಯ ಕಾವ್ಯದೊಳಗೆ ಹುದುಗಿದ ಗುಪ್ತಾರ್ಥವಿದೆ. ಇವು ಪತ್ತೇದಾರಿಯ, ಸಾಹಸಕಥೆಯ ಉಪಕರಣಗಳೇ. ಮೊದಲನೆಯದಕ್ಕೆ ೧೯೮೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಆಗ ಪಂಡಿತರು ಹೇಳಿದ ಮಾತೇನು? 'ಇದು ಕೇವಲ ಪತ್ತೇದಾರಿ ಕಥೆಯಲ್ಲ' ಎಂದು! ಈ 'ಕೇವಲ' ಎಂಬ ಶಬ್ದದಲ್ಲಿ ಎಲ್ಲ ಮೋಸವೂ ಅಡಗಿದೆ. ಒಳ್ಳೆಯದಾದರೆ ಅದು ಪತ್ತೇದಾರಿಯಲ್ಲ, ಕೆಟ್ಟದ್ದಾದರೆ ಅದು ಪತ್ತೇದಾರಿ ಎಂಬ ನ್ಯಾಯದಲ್ಲಿ ಯಾವ ಕುಲವು ತಾನೆ ಒಳ್ಳೆಯ ಹೆಸರನ್ನು ಪಡೆದೀತು? ಕೆಟ್ಟ ಪದ್ಯಗಳನ್ನೆಲ್ಲ ಎಣಿಸಿ ಕಾವ್ಯವನ್ನು ಅಳೆಯುವದಾದರೆ ಕಾವ್ಯಕ್ಕೂ ಇದೇ ಗತಿ.

ಪಂಡಿತರ ಮೌನವು ಒಂದು ಕಡೆಯಾದರೆ ಅಭಿಮಾನಿಗಳ ಗದ್ದಲವು ಇನ್ನೊಂದು ಕಡೆ. ವಿದ್ವಾಂಸರು ಬಿಟ್ಟುಕೊಟ್ಟ ಈ ಹೊಲದಲ್ಲಿ ಈಗ ಕಳೆಯೇ ಬೆಳೆದಿದೆ. ಚಿತ್ರಪಟವೊಂದು ಬಿಡುಗಡೆಯಾದ ದಿನವೇ ಅದಕ್ಕೆ ನಕ್ಷತ್ರಗಳನ್ನು ಹಂಚುವರು. ನಟನು ತಮ್ಮವನಾದರೆ ಐದು, ಪರರವನಾದರೆ ಒಂದೂವರೆ. ಅರ್ಧ ಬರವಣಿಗೆಯು ಕಥೆಯ ಸಾರಾಂಶ, ಉಳಿದರ್ಧವು ಗಳಿಕೆಯ ಲೆಕ್ಕ. ರಹಸ್ಯವನ್ನೇ ಪ್ರಾಣವಾಗಿ ಉಳ್ಳ ಕಥೆಯ ಕೊನೆಯನ್ನು ಮೊದಲನೆಯ ವಾಕ್ಯದಲ್ಲಿಯೇ ಒಡೆದು ಹೇಳುವದಂತೂ ಈಗ ಜಾಣತನವೆನಿಸಿದೆ. ಇದು ವಿಮರ್ಶೆಯಲ್ಲ, ಸಂತೆಯ ಕೂಗು. ಪಂಡಿತನ ಮೌನವೂ ಈ ಕೂಗೂ ಒಂದಕ್ಕೊಂದು ಪೋಷಕವಾಗಿವೆ. ಕೂಗನ್ನು ಕೇಳಿ ಪಂಡಿತನು 'ನೋಡಿರಿ, ಇದಕ್ಕೇ ನಾವು ಅತ್ತ ಹೋಗುವದಿಲ್ಲ' ಎನ್ನುವನು, ಪಂಡಿತನು ಬಾರದ್ದರಿಂದ ಕೂಗುವವನೇ ಅಲ್ಲಿ ಆಚಾರ್ಯನಾಗುವನು.

ಹಾಗಾದರೆ ಈ ಕಥೆಗಳನ್ನು ಅಳೆಯುವ ಕೋಲು ಯಾವದು? ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವಿತವೆಂದನು. ಆ ಒಂದು ಮಾತು ನಮಗೆ ಸಾಕು. ಯಾವ ಕೃತಿಯು ಯಾವ ಕೆಲಸಕ್ಕೆ ಹೊರಟಿದೆಯೋ ಆ ಕೆಲಸಕ್ಕೆ ತಕ್ಕುದಾಗಿ ಅದರ ಅಂಗಾಂಗಗಳು ಇವೆಯೇ ಎಂದು ನೋಡತಕ್ಕದ್ದು. ಪತ್ತೇದಾರಿ ಕಥೆಯಲ್ಲಿ ಲೇಖಕನು ಸುಳುಹುಗಳನ್ನು ವಾಚಕನ ಕಣ್ಣೆದುರಿಗೇ ಇಟ್ಟಿದ್ದಾನೆಯೇ, ಅಥವಾ ಕಡೆಯ ಪುಟದಲ್ಲಿ ಜೇಬಿನಿಂದ ತೆಗೆದು ತೋರಿಸುತ್ತಾನೆಯೇ? ಅಪರಾಧಿಯನ್ನು ಅವನ ಕೃತ್ಯದಿಂದ ಗುರುತಿಸಿದ್ದಾನೆಯೇ, ಅಥವಾ ಕಪ್ಪು ಮೈ, ಕುಂಟುಕಾಲು, ಪರಜಾತಿಯ ಹೆಸರು ಕೊಟ್ಟು ಮೊದಲೇ ಶಿಕ್ಷಿಸಿದ್ದಾನೆಯೇ? ವೈಜ್ಞಾನಿಕ ಕಥೆಯು ತಾನೇ ಹಾಕಿಕೊಂಡ ನಿಯಮಕ್ಕೆ ಕೊನೆಯ ತನಕ ಬದ್ಧವಾಗಿದೆಯೇ? ಇಂಥ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವದು ಯಾವ ಮಹಾಕಾವ್ಯದ ವಿಮರ್ಶೆಗಿಂತಲೂ ಸುಲಭವಾದ ಕೆಲಸವಲ್ಲ.

ದೆವ್ವದ ಕಥೆಯ ವಿಷಯದಲ್ಲಿ ವಿಮರ್ಶಕನ ಹೊಣೆಯು ಇನ್ನೂ ಹೆಚ್ಚಿನದು. ತೆಲುಗಿನ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'ವು ಕನ್ನಡಕ್ಕೆ ಬಂದು ಮನೆಮನೆಗಳಲ್ಲಿ ಓದಿಸಿಕೊಂಡಿತು. ಅದೇ ಹೆಸರಿನ ಕನ್ನಡ ಚಿತ್ರಪಟವೂ ೧೯೮೫ರಲ್ಲಿ ಬಂತು. ಮಾಟಮಂತ್ರದ ಭಯವೇ ಅದರ ಬಂಡವಾಳ. ನಮ್ಮ ಸೀಮೆಯಲ್ಲಿ ಬಾಣಾಮತಿಯೆಂಬ ಶಬ್ದವು ಕೇವಲ ಕಥೆಯ ಶಬ್ದವಲ್ಲ. ಆ ಶಬ್ದವು ಒಬ್ಬ ಒಂಟಿ ಮುದುಕಿಯ ಮೇಲೆ ಬಿದ್ದರೆ ಅವಳ ಬಾಳುವೆಯು ಹಾಳಾಗುವದು. ಅಮಾನವೀಯ ದುಷ್ಟಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು ಕರ್ನಾಟಕ ಸರಕಾರವು ೨೦೧೭ರ ಕಾಯಿದೆಯನ್ನು ಮಾಡಬೇಕಾಯಿತೆಂದರೆ ಆ ಭಯದ ಬೇರು ಎಷ್ಟು ಆಳದಲ್ಲಿದೆಯೆಂಬದನ್ನು ಊಹಿಸಿರಿ. ಹಾಗೆಂದು ದೆವ್ವದ ಕಥೆಯನ್ನು ನಿಷೇಧಿಸಬೇಕೆಂದು ನಾವು ಹೇಳುವದಿಲ್ಲ. ಭಯಾನಕರಸವು ಮನುಷ್ಯನಿಗೆ ಬೇಕು. ಓದುಗನನ್ನು ನಡುಗಿಸಿ ಕಡೆಗೆ ಅವನ ಮನಸ್ಸನ್ನು ಬಿಡುಗಡೆ ಮಾಡುವ ಕಥೆ ಯಾವದು, ನೆರೆಮನೆಯವಳ ಮೇಲೆ ಸಂಶಯವನ್ನು ಬಿತ್ತಿ ಹೋಗುವ ಕಥೆ ಯಾವದು, ಎಂಬ ವಿವೇಕವು ಬೇಕು. ಈ ವಿವೇಕವನ್ನು ವಿಮರ್ಶಕನಲ್ಲದೆ ಮತ್ತೆ ಯಾರು ಹೇಳಬೇಕು? ಕಾಯಿದೆಯು ಕೃತ್ಯವನ್ನು ಹಿಡಿಯಬಲ್ಲದು, ಕಲ್ಪನೆಯನ್ನು ತಿದ್ದಲಾರದು.

ಚಿತ್ರಕಥೆಗಳ ಮಾತಿಗೆ ಬರೋಣ. 'ಚಂದಮಾಮ'ದ ಕನ್ನಡ ಆವೃತ್ತಿಯು ೧೯೪೯ರಲ್ಲಿ ಆರಂಭವಾಗಿ ಎರಡು ಮೂರು ತಲೆಮಾರುಗಳಿಗೆ ಅಕ್ಷರದ ರುಚಿಯನ್ನು ಹತ್ತಿಸಿತು. 'ಅಮರ ಚಿತ್ರಕಥೆ'ಯೆಂಬ ಮಾಲೆಯು ಮೊಟ್ಟಮೊದಲು ಕನ್ನಡದಲ್ಲಿಯೇ ಹೊರಬಂದುದನ್ನು ಎಷ್ಟು ಜನ ಕನ್ನಡಿಗರು ಬಲ್ಲರು? ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ ಅವರು ೧೯೬೫ರ ಸುಮಾರಿಗೆ ಬೆಂಗಳೂರಿನಲ್ಲಿ ಪಾಶ್ಚಾತ್ಯ ಕಥೆಗಳ ಹತ್ತು ಪುಸ್ತಕಗಳನ್ನು ಕನ್ನಡದಲ್ಲಿ ಪ್ರಕಟಿಸಿದರು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ಸಂಪಾದಕತ್ವದಲ್ಲಿ ಹನ್ನೊಂದನೆಯ ಅಂಕೆಯಿಂದ ಪುರಾಣಕಥೆಗಳು ಮುಂದುವರಿದವು. ಇಡೀ ಭಾರತದ ಮಕ್ಕಳು ರಾಮಕೃಷ್ಣರ ರೂಪವನ್ನು ಕಲ್ಪಿಸಿಕೊಳ್ಳುವದು ಬಹುಮಟ್ಟಿಗೆ ಆ ಚಿತ್ರಗಳಿಂದ. ಹೀಗಿರುವಾಗ ಆ ಚಿತ್ರಗಳಲ್ಲಿ ರಾಕ್ಷಸರಿಗೆ ಯಾವ ಬಣ್ಣವನ್ನು ಕೊಟ್ಟಿದ್ದಾರೆ, ಹೆಂಗಸರನ್ನು ಹೇಗೆ ನಿಲ್ಲಿಸಿದ್ದಾರೆ, ಎಂಬ ಪ್ರಶ್ನೆಯು ಚಿಕ್ಕದೇ? ಕಿಷ್ಕಿಂಧೆಯೆಂದು ಪ್ರಸಿದ್ಧವಾದ ಆನೆಗೊಂದಿಯ ಬಂಡೆಗಳನ್ನೂ ಅಂಜನಾದ್ರಿಯನ್ನೂ ದಿನವೂ ನೋಡುವ ಗಂಗಾವತಿಯ ಹುಡುಗನ ಕೈಗೆ ಕಿಷ್ಕಿಂಧೆಯನ್ನು ಹಿಮಾಲಯದ ಕಾಡಿನಂತೆ ಬರೆದ ಪುಸ್ತಕವು ಬಂದರೆ, 'ಇದು ನಮ್ಮ ಊರಲ್ಲ' ಎಂದು ಹೇಳುವ ವಿಮರ್ಶಕನು ಅವನಿಗೆ ಬೇಕು. ರೇಖೆ, ಬಣ್ಣ, ಚೌಕಟ್ಟಿನಿಂದ ಚೌಕಟ್ಟಿಗೆ ಕಥೆಯು ಹಾರುವ ರೀತಿ, ಇವೂ ಒಂದು ಭಾಷೆಯೇ. ಯೆಹೂದ್ಯರ ಮಾರಣಹೋಮವನ್ನು ಇಲಿ ಬೆಕ್ಕುಗಳ ಚಿತ್ರಕಥೆಯಾಗಿ ಹೇಳಿದ ಆರ್ಟ್ ಸ್ಪೀಗೆಲ್‌ಮನ್ ಅವರ 'ಮೌಸ್'ಗೆ ಅಮೇರಿಕದಲ್ಲಿ ೧೯೯೨ರಲ್ಲಿ ಪುಲಿಟ್ಜರ್ ಗೌರವವು ದೊರೆಯಿತು. ನಮ್ಮಲ್ಲಿ ಚಿತ್ರಕಥೆಯೆಂದರೆ ಇನ್ನೂ ರೈಲಿನ ಪ್ರಯಾಣದಲ್ಲಿ ಮಗುವನ್ನು ಸುಮ್ಮನಿರಿಸುವ ಸಾಧನ.

ಚಿತ್ರಪಟಗಳಲ್ಲಿಯೂ ಇದೇ ಕಥೆ. ದೊರೈ-ಭಗವಾನ್ ಅವರು ೧೯೬೮ರಲ್ಲಿ 'ಜೇಡರ ಬಲೆ'ಯಿಂದ ಕನ್ನಡದಲ್ಲಿ ಗೂಢಚಾರ ಕಥೆಗಳ ಸಾಲನ್ನೇ ಆರಂಭಿಸಿದರು. ಭಕ್ತನಾಗಿಯೂ ಅರಸನಾಗಿಯೂ ಕಂಡಿದ್ದ ರಾಜಕುಮಾರರು ಕೋಟು ತೊಟ್ಟು ಪಿಸ್ತೂಲು ಹಿಡಿದರು. ಆ ಬದಲಾವಣೆಯ ಅರ್ಥವೇನೆಂಬದನ್ನು ಆಗಲೇ ವಿಚಾರಿಸಬೇಕಾಗಿತ್ತು. 'ಲೂಸಿಯಾ' (೨೦೧೩), 'ರಂಗಿತರಂಗ' (೨೦೧೫), 'ಕಾಂತಾರ' (೨೦೨೨) ಮೊದಲಾದ ಚಿತ್ರಗಳು ಕನಸು, ರಹಸ್ಯ, ದೈವಗಳನ್ನು ಕಥೆಯ ಬೆನ್ನೆಲುಬಾಗಿ ಮಾಡಿಕೊಂಡು ಹೊಸ ಪ್ರೇಕ್ಷಕರನ್ನು ಗಳಿಸಿದವು. ಇವುಗಳ ಗಳಿಕೆಯನ್ನು ಎಣಿಸಿದವರು ಬಹಳ, ಕಟ್ಟಡವನ್ನು ಪರೀಕ್ಷಿಸಿದವರು ವಿರಳ.

ಒಂದೇ ಕಥೆಯು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಸಾಗುವಾಗ ಏನನ್ನು ಕಳೆದುಕೊಳ್ಳುವದು, ಏನನ್ನು ಪಡೆಯುವದು, ಎಂಬದನ್ನು ನೋಡಲು ನಮ್ಮ ಜಿಲ್ಲೆಗಿಂತ ತಕ್ಕ ಸ್ಥಳವಿಲ್ಲ. ಗಂಗಾವತಿ ಸೀಮೆಯ ಕುಮ್ಮಟದುರ್ಗದ ಕುಮಾರರಾಮನು ನಂಜುಂಡಕವಿಯ ಸಾಂಗತ್ಯದಲ್ಲಿ ನಾಯಕನಾದನು, ಜನರ ಹಾಡಿನಲ್ಲಿಯೂ ಆಟದಲ್ಲಿಯೂ ಕುಣಿದನು, ೨೦೦೬ರಲ್ಲಿ 'ಗಂಡುಗಲಿ ಕುಮಾರರಾಮ'ನಾಗಿ ಬೆಳ್ಳಿತೆರೆಗೆ ಬಂದನು. ಪರನಾರಿಗೆ ಸೋದರನೆಂಬ ಆ ವೀರನ ವ್ರತವು ಕಾವ್ಯದಲ್ಲಿ ಯಾವ ತೂಕದಲ್ಲಿತ್ತು, ಆಟದಲ್ಲಿ ಎಷ್ಟಾಯಿತು, ತೆರೆಯ ಮೇಲೆ ಎಷ್ಟು ಉಳಿಯಿತು? ದುರ್ಗದ ಕಲ್ಲುಗಳನ್ನು ಕಣ್ಣಾರೆ ಕಂಡ ನಮ್ಮವರು ಬರೆಯತಕ್ಕ ವಿಮರ್ಶೆಯಿದು. ಇದನ್ನು ಹೊರಗಿನವರು ಬಂದು ಬರೆಯಲೆಂದು ಕಾಯುವದು ನಾಚಿಕೆಗೇಡು.

ಕೊನೆಯದಾಗಿ ಅನಿಮೇಶನ್ ಎಂಬ ಚಲಿಸುವ ಬೊಂಬೆಚಿತ್ರಗಳು. ಇವು ಪರದೇಶದಿಂದ ಬಂದ ಮಕ್ಕಳಾಟಿಕೆಯೆಂದು ಹೇಳುವವರು ಕೊಪ್ಪಳ ತಾಲೂಕಿನ ಮೋರನಾಳಕ್ಕೆ ಹೋಗಬೇಕು. ಆ ಊರಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ ೨೦೨೫ರಲ್ಲಿ ಪದ್ಮಶ್ರೀ ಗೌರವವು ಬಂತು. ಬಣ್ಣದ ತೊಗಲು, ಹಿಂದೊಂದು ದೀಪ, ಮುಂದೊಂದು ಬಿಳಿಯ ಪರದೆ. ಇಷ್ಟರಿಂದ ರಾಮಾಯಣ ಭಾರತಗಳು ನಡೆಯುವವು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಮಹಿಳೆಯು ೧೯೨೬ರಲ್ಲಿ ಕತ್ತರಿಸಿದ ನೆರಳುಬೊಂಬೆಗಳಿಂದ ರಾಜಕುಮಾರ ಅಹಮದನ ಕಥೆಯನ್ನು ಚಿತ್ರಪಟವಾಗಿ ಮಾಡಿದಳು; ಇಂದಿಗೆ ಉಳಿದಿರುವ ದೀರ್ಘ ಅನಿಮೇಶನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಆ ಮಹಿಳೆಯೂ ನಮ್ಮ ಭೀಮವ್ವನೂ ಒಂದೇ ಕುಲದ ಕಲಾವಿದೆಯರೆಂದು ಹೇಳಿದರೆ ತಪ್ಪಾಗದು. ೨೦೨೫ರ ಜುಲೈಯಲ್ಲಿ ಬಂದ 'ಮಹಾವತಾರ ನರಸಿಂಹ'ವೆಂಬ ಅನಿಮೇಶನ್ ಚಿತ್ರವು ಕನ್ನಡದ ಮಾತುಗಳೊಡನೆಯೂ ತೆರೆಕಂಡು ಕುಟುಂಬಗಳನ್ನೇ ಚಿತ್ರಮಂದಿರಕ್ಕೆ ಎಳೆಯಿತು. ನಮ್ಮ ಬೊಂಬೆಯಾಟದ ನರಸಿಂಹನ ಪಕ್ಕಕ್ಕೆ ಅದನ್ನಿಟ್ಟು ಯಾವದರಲ್ಲಿ ಉಗ್ರತೆಯಿದೆ, ಯಾವದರಲ್ಲಿ ಬರಿಯ ಆರ್ಭಟವಿದೆ ಎಂದು ಕೇಳುವದು ನಮ್ಮ ಹಕ್ಕು.

ಇಲ್ಲಿ ಒಂದು ಕಹಿಯಾದ ಮಾತನ್ನು ಹೇಳದೆ ಗತ್ಯಂತರವಿಲ್ಲ. ೧೯೬೦ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ಬಹುಕಾಲ ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತನ್ನು ಕೊಟ್ಟು ಚಿತ್ರಮಂದಿರಗಳಲ್ಲಿ ತೋರಿಸಲು ಆಸ್ಪದವಿರಲಿಲ್ಲ. ಆ ಚಳವಳಿಯು ಕನ್ನಡದ ಕಲಾವಿದರ ಅನ್ನವನ್ನು ಕಾಯ್ದಿತೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಭಾರತೀಯ ಸ್ಪರ್ಧಾ ಆಯೋಗವು ೨೦೧೫ರಲ್ಲಿ ಆ ತಡೆಯನ್ನು ಕಾನೂನಿಗೆ ವಿರುದ್ಧವೆಂದು ನಿರ್ಣಯಿಸುವ ತನಕ, ಜಗತ್ತಿನ ಶ್ರೇಷ್ಠ ಬೊಂಬೆಚಿತ್ರಗಳನ್ನು ತೆರೆಯ ಮೇಲೆ ನೋಡಬಯಸಿದ ಕನ್ನಡದ ಮಗುವು ಪರಭಾಷೆಯ ಮೊರೆಹೋಗಬೇಕಾಯಿತು. ಕನ್ನಡವನ್ನು ಕಾಯಲು ಕಟ್ಟಿದ ಬೇಲಿಯ ಹೊರಗೆ ಕನ್ನಡದ ಮಕ್ಕಳೇ ಉಳಿದರು. ಈ ಪ್ರಕಾರಗಳನ್ನು ಗೌರವದಿಂದ ಕಾಣುವ ವಿಮರ್ಶೆಯೊಂದು ನಮ್ಮಲ್ಲಿ ಇದ್ದಿದ್ದರೆ, 'ನಟರ ಚಿತ್ರಗಳ ಮಾತು ಬೇರೆ, ಬೊಂಬೆಚಿತ್ರಗಳ ಮಾತು ಬೇರೆ' ಎಂದು ಆಗಲೇ ವಾದಿಸುವವರು ಇರುತ್ತಿದ್ದರು. ವಿಮರ್ಶೆಯ ಮೌನಕ್ಕೆ ತೆತ್ತ ಬೆಲೆ ಇದು.

'ಕೆಟ್ಟ ಪುಸ್ತಕಗಳನ್ನು ವಿಮರ್ಶಿಸಿದರೆ ಅವಕ್ಕೆ ಗೌರವ ಕೊಟ್ಟಂತಾಗದೆ?' ಎಂಬ ಒಂದು ಆಕ್ಷೇಪವು ಉಳಿಯಿತು. ವಿಮರ್ಶೆಯನ್ನು ಹೂವಿನ ಹಾರವೆಂದು ತಿಳಿದವರ ಆಕ್ಷೇಪವಿದು. ವಿಮರ್ಶೆಯು ಮೊರ. ಕೇರದೆ ಕಾಳು ಸಿಗದು. ಜೊಳ್ಳು ಬಹಳವಿದೆಯೆಂದು ರಾಶಿಯನ್ನೇ ಕಣದಲ್ಲಿ ಬಿಟ್ಟುಬರುವ ಒಕ್ಕಲಿಗನನ್ನು ನಾವು ಕಂಡಿಲ್ಲ. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು ಹಿರಿಯರಿಗೆ ಕಾವ್ಯವನ್ನು ಬರೆದ ಕೈಯಿಂದಲೇ ಮಕ್ಕಳಿಗೆ ಹಾಡುಗಳನ್ನು ಬರೆದರು. ಅವರು ಮಕ್ಕಳ ರುಚಿಯನ್ನು ಕೀಳೆಂದು ತಿಳಿಯಲಿಲ್ಲ. ಅವರ ಸೀಮೆಯವರಾದ ನಮಗೆ ಅಷ್ಟು ದೊಡ್ಡ ಮನಸ್ಸು ಬರಬೇಕು.

ಆದಕಾರಣ ನಮ್ಮ ಸೂಚನೆಯಿಷ್ಟೇ. ಈ ಮಾಸಪತ್ರಿಕೆಯಲ್ಲಿ ಪ್ರತಿ ತಿಂಗಳೂ ಎರಡು ಪುಟಗಳನ್ನು ಇಂಥ ಕೃತಿಗಳಿಗಾಗಿ ತೆಗೆದಿಡಬೇಕು. ಒಂದು ತಿಂಗಳು ಪುಸ್ತಕ, ಒಂದು ತಿಂಗಳು ಚಿತ್ರಕಥೆ, ಒಂದು ತಿಂಗಳು ಚಿತ್ರಪಟ ಅಥವಾ ಬೊಂಬೆಚಿತ್ರ. ಬರೆಯುವವರು ಕೃತಿಯನ್ನು ಪೂರ್ತಿಯಾಗಿ ಓದಿರಬೇಕು, ನೋಡಿರಬೇಕು, ರಹಸ್ಯವನ್ನು ಒಡೆಯಬಾರದು, ಕೃತಿಯ ಕುಲಕ್ಕೆ ತಕ್ಕ ಕೋಲಿನಿಂದ ಅಳೆಯಬೇಕು, ಕಡೆಗೆ, ಮನೆಯಲ್ಲಿ ಯಾರ ಕೈಗೆ ಕೊಡತಕ್ಕದ್ದು, ಯಾರ ಕೈಗೆ ಕೊಡತಕ್ಕದ್ದಲ್ಲ ಎಂಬದನ್ನು ಅಂಜದೆ ಹೇಳಬೇಕು. ನಾಲ್ಕೂ ಸೀಮೆಗಳ ಶಿಕ್ಷಕರೂ ತಾಯಂದಿರೂ ಕಾಲೇಜಿನ ವಿದ್ಯಾರ್ಥಿಗಳೂ ಇದಕ್ಕೆ ಕೈಹಚ್ಚಲಿ. ಪಂಡಿತರು ಬಂದರೆ ಸ್ವಾಗತ. ಬಾರದಿದ್ದರೆ ಅವರಿಗಾಗಿ ಎಲೆ ಹಾಕಿಕೊಂಡು ಕಾಯುವ ಕಾರಣವಿಲ್ಲ. ಮಕ್ಕಳು ಆಗಲೇ ಊಟಕ್ಕೆ ಕುಳಿತಿದ್ದಾರೆ. ಅವರ ಎಲೆಯಲ್ಲಿ ಏನು ಬೀಳುತ್ತಿದೆಯೆಂದು ನೋಡುವ ಹಿರಿಯರು ಈಗ ಬೇಕಾಗಿದ್ದಾರೆ.